ಕೆಳಗೆ ಹಗ್ಗ ಹಿಡಿದವನ ಮಾತು

ನಮ್ಮಪ್ಪ ಕೊನೆಗೌಡ. ಅಡಿಕೆ ಮರದ ತುದಿಯಲ್ಲಿ ಕೂತು ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಬಿಡುತ್ತಿದ್ದ. ಕೆಳಗೆ ಹಗ್ಗದ ಇನ್ನೊಂದು ತುದಿ ಹಿಡಿದು ನಿಲ್ಲುವುದು ಹುಡುಗನಾಗಿದ್ದ ನನ್ನ ಪಾಲಿಗೆ. ಈಗ ಸಾಗರ, ಹೊಸನಗರದ ಕಡೆ ಮನೆ ಮೇಲೆ ವಾಲಿದ ಮಾವು, ಹಲಸು, ಸಿಲ್ವರ್ ಓಕ್ ಹತ್ತಿ ತುಂಡುತುಂಡಾಗಿ ಇಳಿಸುತ್ತೇನೆ. ಒಂದು ಕಡೆ ಹಂಚಿನ ಮಾಡು, ಇನ್ನೊಂದು ಕಡೆ ಕೊಟ್ಟಿಗೆ, ಮಧ್ಯೆ ಕರೆಂಟ್ ತಂತಿ. ಬುಡ ಕಡಿದು ಉರುಳಿಸಲು ಜಾಗವೇ ಇಲ್ಲದ ಮರಗಳಿವು.

1. ಹತ್ತುವ ಮೊದಲು ಬುಡ ನೋಡಬೇಕು. ಕೊಡಲಿಯ ಹಿಂಬದಿಯಿಂದ ಸುತ್ತಲೂ ತಟ್ಟುತ್ತೇನೆ. ಟೊಳ್ಳಿದ್ದ ಕಡೆ ದನಿ ಡೋಲಿನಂತೆ ಕೇಳುತ್ತದೆ. ಬುಡಕ್ಕೆ ಹಲಗೆಯಂಥ ಗಟ್ಟಿ ಅಣಬೆ ಕಚ್ಚಿಕೊಂಡಿದ್ದರೆ, ವಾಲಿದ್ದರ ಹಿಂಬದಿಯಲ್ಲಿ ಮಣ್ಣು ಬಿರಿದಿದ್ದರೆ, ಆ ಮರಕ್ಕೆ ನನ್ನ ಭಾರ ಹಾಕುವುದಿಲ್ಲ. ನಿಂತಲ್ಲೇ ಒಣಗಿದ ಮರವೂ ಅಷ್ಟೇ. ಕ್ರೇನ್ ತರಿಸಿ ಎನ್ನುತ್ತೇನೆ. ದಾರಿ ಇಲ್ಲದಿದ್ದರೆ ಪಕ್ಕದ ಗಟ್ಟಿ ಮರಕ್ಕೆ ನನ್ನ ಹಗ್ಗ ಕಟ್ಟಿ ಅಲ್ಲಿಂದ ಕೆಲಸ ಮಾಡುತ್ತೇನೆ. ಹೆಜ್ಜೇನು ಕಟ್ಟಿದ್ದರೆ ಅದು ಬಿಟ್ಟು ಹೋಗುವವರೆಗೆ ಕಾಯುತ್ತೇವೆ.

2. ಮರದ ಮಾಲೀಕರಾದರೂ ಹೆಚ್ಚಿನ ಜಾತಿಯ ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಗದ ಕೈಗೆ ಬಂದ ಮೇಲೆ ಲೈನ್‌ಮ್ಯಾನ್. ಅವರು ಬಂದು ಲೈನ್ ತೆಗೆದದ್ದನ್ನು ಕಣ್ಣಾರೆ ನೋಡದೆ ನಾನು ಬೆಲ್ಟ್ ಕಟ್ಟುವುದಿಲ್ಲ. ಹಸಿ ಗೆಲ್ಲು ತಂತಿಗೆ ತಾಗಿದರೆ ಮರವಿಡೀ ಕರೆಂಟ್ ಹರಿಯುತ್ತದೆ.

3. ತೂಕವನ್ನು ಕಣ್ಣಳತೆಗೆ ಬಿಡಬಾರದು. ಹಸಿ ಮರ ಹೆಚ್ಚುಕಡಿಮೆ ನೀರಿನಷ್ಟೇ ತೂಗುತ್ತದೆ ಎಂದು ಲೆಕ್ಕ ಹಿಡಿದರೆ ಮೋಸವಿಲ್ಲ. 30 ಸೆಂಟಿಮೀಟರ್ ಅಡ್ಡಳತೆಯ ಒಂದು ಮೀಟರ್ ತುಂಡು ಸುಮಾರು 70 ಕೆ.ಜಿ. ಅಡ್ಡಳತೆ 60 ಆದರೆ ಅದೇ ಉದ್ದಕ್ಕೆ 280. ದಪ್ಪ ಎರಡು ಪಟ್ಟಾದಾಗ ತೂಕ ನಾಲ್ಕು ಪಟ್ಟಾಗುತ್ತದೆ ಎನ್ನುವುದು ನನ್ನ ತಲೆಗೆ ಹತ್ತಲು ವರ್ಷಗಳೇ ಹಿಡಿದವು. ಇನ್ನೂ ಒಂದಿದೆ. ಮೇಲೆ ಕಪ್ಪಿ ಕಟ್ಟಿ 100 ಕೆ.ಜಿ. ತುಂಡು ಇಳಿಸುವಾಗ ಕಪ್ಪಿ ಕಟ್ಟಿದ ಕವಲಿನ ಮೇಲೆ ಬೀಳುವುದು 200ರ ಹತ್ತಿರದ ಭಾರ: ಒಂದು ಕಡೆ ತುಂಡು, ಇನ್ನೊಂದು ಕಡೆ ಅದನ್ನು ತಡೆದು ಹಿಡಿದ ಹಗ್ಗ. ಕವಲು ಆರಿಸುವಾಗ ಈ ಲೆಕ್ಕ ಬೇಕು.

4. ಒಂದು ಸಂಜೆ ಕೊಟ್ಟಿಗೆ ಮೇಲಿನ ಹಲಸಿನ ಗೆಲ್ಲು ಇಳಿಸುತ್ತಿದ್ದೆ. ಪಡುವಣದಲ್ಲಿ ಮೋಡ ಕಟ್ಟಿತ್ತು. ಎರಡು ಸಲ ಕೊಯ್ಯಬೇಕಾದ್ದನ್ನು ಒಂದೇ ಸಲ ಕೊಯ್ದೆ. ಕೆಳಗಿದ್ದ ಹುಡುಗ ಆ ಗಾತ್ರ ನೋಡಿ ಹೆದರಿ, ಬುಡಕ್ಕೆ ಸುತ್ತಿದ್ದ ಹಗ್ಗಕ್ಕೆ ಇನ್ನೊಂದು ಸುತ್ತು ಹಾಕಿ ಬಿಗಿ ಹಿಡಿದ. ಗೆಲ್ಲು ಒಂದು ಮಾರು ಬಿದ್ದು ಗಕ್ಕನೆ ನಿಂತಿತು. ಆ ಜಗ್ಗಿಗೆ ಮರವೇ ಬಾಗಿ ಚಿಮ್ಮಿತು. ನಾನು ಕಾಂಡಕ್ಕೆ ಅಪ್ಪಳಿಸಿ ಭುಜ ಕಳಚಿಕೊಂಡೆ. ಹುಡುಗನನ್ನು ಎಲ್ಲರೂ ಬೈದರು. ತಪ್ಪು ಪೂರಾ ನನ್ನದು. ಬೀಳುವ ಭಾರವನ್ನು ಒಮ್ಮೆಗೇ ನಿಲ್ಲಿಸಬಾರದು, ಹಗ್ಗ ಜಾರುತ್ತಾ ಜಾರುತ್ತಾ ನಿಧಾನವಾಗಬೇಕು ಎಂದು ನಾನು ಅವನಿಗೆ ಕಲಿಸಿರಲಿಲ್ಲ. ಎಷ್ಟು ದೊಡ್ಡದು ಕೊಯ್ಯುತ್ತೇನೆಂದು ಕೇಳಿರಲೂ ಇಲ್ಲ.

ಅಂದಿನಿಂದ ತುಂಡಿನ ಅಳತೆ ಕೆಳಗಿನವನ ತೀರ್ಮಾನ. ನಾನು ಗರಗಸ ಇಟ್ಟು ಜಾಗ ತೋರಿಸುತ್ತೇನೆ. "ಕೊಯ್ಯಿ ಅಣ್ಣ" ಎಂದರೆ ಮಾತ್ರ ಮಿಷಿನ್ ಚಾಲೂ. "ತಡಿ" ಅಂದರೆ ಯಾಕೆ ಎಂದು ಕೇಳದೆ ನಿಲ್ಲಿಸುತ್ತೇನೆ. ಹಗ್ಗವನ್ನು ಅವನು ಕೈಗೆ ಸುತ್ತಿಕೊಳ್ಳುವ ಹಾಗಿಲ್ಲ. ಸುತ್ತು ಬುಡಕ್ಕೆ ಮಾತ್ರ.

5. ಹಗ್ಗವನ್ನು ಗೆಲ್ಲಿನ ಬುಡದ ಕಡೆ ಕಟ್ಟಿದರೆ ಅದರ ತುದಿ ಮೊದಲು ಕೆಳಗೆ ಹೋಗುತ್ತದೆ. ತುದಿಗೆ ಕಟ್ಟಿದರೆ ಕೊಯ್ದ ಬುಡ ಬೀಸಿಕೊಂಡು ಬರುತ್ತದೆ. ಹಂಚಿನ ಮಾಡಿನ ಮೇಲಾದರೆ ಎರಡೂ ಕಡೆ ಕಟ್ಟಿ ಅಡ್ಡಡ್ಡವಾಗಿಯೇ ಇಳಿಸುವುದು ಲೇಸು. ಹೊತ್ತು ಹಿಡಿಯುತ್ತದೆ, ಆದರೆ ಹಂಚು ಉಳಿಯುತ್ತದೆ.

6. ಮಿಷಿನ್ ಕೈಯಲ್ಲಿರುವಾಗ ನನ್ನನ್ನು ಹಿಡಿದದ್ದು ಎರಡಿರಬೇಕು: ಮೇಲಿನ ಹಗ್ಗ, ಮತ್ತು ಸೊಂಟದಿಂದ ಕಾಂಡ ಸುತ್ತಿದ, ಒಳಗೆ ಉಕ್ಕಿನ ಎಳೆಯಿರುವ ಪಟ್ಟಿ. ಚೈನ್ ತಾಗಿದರೆ ಬಿಗಿದ ಹಗ್ಗ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹರಿಯುತ್ತದೆ. ಕೆಳಗೆ ಹತ್ತಲು ಬಲ್ಲ ಇನ್ನೊಬ್ಬ, ಅವನಿಗೆ ಬೇರೆ ಹಗ್ಗ ಇಲ್ಲದ ದಿನ ನಾನು ಹತ್ತುವುದಿಲ್ಲ. ಬೆಲ್ಟಿನಲ್ಲಿ ಎಚ್ಚರ ತಪ್ಪಿ ನೇತಾಡುವವನಿಗೆ ಪೇಟೆಯಿಂದ ಜನ ಬರುವಷ್ಟು ಹೊತ್ತು ಇರುವುದಿಲ್ಲ.

7. ಗೆಲ್ಲೆಲ್ಲ ಮುಗಿದು ಬೋಳು ಕಾಂಡ ಉಳಿದಾಗ ಮನೆಯವರು ಕೆಲಸ ಆಯಿತೆಂದು ಕಾಫಿ ತರುತ್ತಾರೆ. ನನಗೆ ಹೆಚ್ಚು ಭಯ ಆಗಲೇ. ಈಗ ಕಪ್ಪಿ ಕಟ್ಟಲು ಮೇಲೆ ಏನೂ ಇಲ್ಲ. ಕೊಯ್ಯುವ ಜಾಗದ ಕೆಳಗೇ ಕಟ್ಟಬೇಕು. ತುಂಡು ಮಗುಚಿ, ಕಪ್ಪಿ ದಾಟಿ ಬಿದ್ದ ಮೇಲಷ್ಟೇ ಹಗ್ಗ ಬಿಗಿಯುತ್ತದೆ. ಆ ಜಗ್ಗು ತುಂಡಿನ ತೂಕದ ಎಷ್ಟೋ ಪಟ್ಟು, ನಾನು ಅಪ್ಪಿಕೊಂಡಿರುವುದೂ ಅದೇ ಕಾಂಡವನ್ನು. ಹಾಗಾಗಿ ಇಲ್ಲಿ ಒಂದೊಂದು ಮೊಳ ಮಾತ್ರ. ಅಂಗಳದಲ್ಲಿ ತೆರವಾದ ಜಾಗವಿದ್ದರೆ ಹಗ್ಗವೇ ಬೇಡ, ಜನರನ್ನು ದೂರ ನಿಲ್ಲಿಸಿ ತಳ್ಳಿಬಿಡುತ್ತೇನೆ.

8. ಸಂಜೆ ಹಗ್ಗವನ್ನು ಗೇಣುಗೇಣಾಗಿ ಬೆರಳ ನಡುವೆ ಎಳೆದು ನೋಡುತ್ತೇವೆ. ಗಟ್ಟಿಯಾದ ಗಂಟು, ಚಪ್ಪಟೆಯಾದ ಜಾಗ, ಕರಗಿ ಹೊಳೆಯುವ ಎಳೆ ಸಿಕ್ಕರೆ ಅದರ ಆಯಸ್ಸು ಮುಗಿಯಿತು. ಆ ಹಲಸಿನ ಗೆಲ್ಲು ಜಗ್ಗಿದ ಹಗ್ಗ ಹೊರಗಿನಿಂದ ಹೊಸದರಂತೆಯೇ ಇತ್ತು. ಮಾರನೆಯ ದಿನ ಅದನ್ನು ಮಾರುದ್ದಕ್ಕೆ ಕತ್ತರಿಸಿದೆವು. ಕತ್ತಿ ಹಿಡಿದದ್ದು ಆ ಹುಡುಗನೇ. ಯಾರೂ ಮರೆತು ಮತ್ತೆ ಮರಕ್ಕೆ ಒಯ್ಯದ ಹಾಗೆ ತುಂಡುಗಳನ್ನೆಲ್ಲ ಕೊಟ್ಟಿಗೆಯಲ್ಲಿ ಕರು ಕಟ್ಟಲು ಕೊಟ್ಟು ಬಂದೆವು.