ಹಲ್ಲಿಗಿಂತ ಮೊದಲು ದವಡೆ

ಹಲ್ಲಿಗೆ ತಂತಿ ಹಾಕಿಸಿಕೊಳ್ಳುವ ಆಸೆ ನಮ್ಮ ಕಾಲೇಜಿನಲ್ಲಿ ಹಲವರಿಗಿದೆ. ಖರ್ಚೆಷ್ಟು, ಎಷ್ಟು ತಿಂಗಳು ಎಂದು ಎಲ್ಲರೂ ಕೇಳುತ್ತಾರೆ. ಬಾಯಿ ಎಷ್ಟು ತೆರೆಯುತ್ತದೆ ಎಂದು ಯಾರೂ ನೋಡಿಕೊಳ್ಳುವುದಿಲ್ಲ. ನಾನು ಓದುವುದು ವಾಣಿಜ್ಯ. ಆರಂಭಿಕ ಶಿಲ್ಕು ಬರೆಯದೆ ಲೆಕ್ಕ ಶುರು ಮಾಡಿದರೆ ನಮ್ಮ ಸರ್ ಸುಮ್ಮನಿರುವುದಿಲ್ಲ. ದಂತವೈದ್ಯರದೂ ಅದೇ ಕ್ರಮ: ತಂತಿಯಾಗಲಿ ಕ್ಯಾಪ್ ಆಗಲಿ, ಮೊದಲು ದವಡೆಯ ಕೀಲು ಮತ್ತು ಸ್ನಾಯು ನೋಡುತ್ತಾರೆ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಒಳಗೆ ಅಲುಗಾಡುವುದೇ ಆ ಕೀಲು. ಅದು ಬಾಗಿಲಿನ ಹಾಗೆ ತಿರುಗುವುದಷ್ಟೇ ಅಲ್ಲ, ಬಾಯಿ ದೊಡ್ಡದಾಗಿ ತೆರೆದಾಗ ಮುಂದಕ್ಕೂ ಜಾರುತ್ತದೆ. ಮೂಳೆಗಳ ನಡುವೆ ಒಂದು ಮೆತ್ತನೆಯ ಬಿಲ್ಲೆ ಇದೆ. ಅದು ಸ್ಥಳ ಬಿಟ್ಟು ಸರಿದರೆ ‘ಟಕ್’ ಎನ್ನಬಹುದು. ನೋವಿಲ್ಲದ ಶಬ್ದಕ್ಕೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ನೋವಿದ್ದರೆ, ಬಾಯಿ ಸಿಕ್ಕಿಕೊಂಡರೆ ತೋರಿಸಬೇಕು. ಹೊಸ ಕ್ಯಾಪ್ ಕೂದಲೆಳೆಯಷ್ಟು ಎತ್ತರವಾದರೂ ಕಚ್ಚುವಾಗ ಗೊತ್ತಾಗುತ್ತದೆ. ಸುಮ್ಮನೆ ಸಹಿಸದೆ ಹೋಗಿ ಸರಿ ಮಾಡಿಸಿಕೊಳ್ಳಿ. ತಂತಿಯಿಂದ ಕೀಲು ಕೆಡುತ್ತದೆ ಎನ್ನುವವರಿದ್ದಾರೆ, ಕೀಲುನೋವು ವಾಸಿಯಾಗುತ್ತದೆ ಎನ್ನುವವರೂ ಇದ್ದಾರೆ. ಅಧ್ಯಯನಗಳಲ್ಲಿ ಎರಡೂ ಸಾಬೀತಾಗಿಲ್ಲ.

ಆದರೆ ಯಾದಗಿರಿ, ಶಹಾಪುರ, ಸುರಪುರದ ಕಡೆ ನನಗೆ ಹೆಚ್ಚು ಭಯ ಕೀಲಿನದಲ್ಲ, ಅಡಿಕೆಯದು. ನಮ್ಮ ಮಾಮು ಹುಡುಗನಾಗಿದ್ದಾಗಿನಿಂದ ಗುಟ್ಕಾ ಹಾಕುತ್ತಿದ್ದರು. ಈಗ ಅವರ ಬಾಯಲ್ಲಿ ಒಂದೂವರೆ ಬೆರಳು ಮಾತ್ರ ಹೋಗುತ್ತದೆ. ಹಿಂದಿನ ದವಡೆಹಲ್ಲು ಹುಳುಕಾಗಿದೆ, ಕ್ಯಾಪ್ ಹಾಕೋಣವೆಂದರೆ ಡಾಕ್ಟರ ಉಪಕರಣವೇ ಅಲ್ಲಿಗೆ ತಲುಪುವುದಿಲ್ಲ. ಅವರ ಕೀಲು ಚೆನ್ನಾಗಿಯೇ ಇದೆ. ಕೆನ್ನೆಯ ಒಳಚರ್ಮ ಬೆಳ್ಳಗಾಗಿ ಬಿಗಿದು ಹಗ್ಗದಂತಾಗಿದೆ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಬಿಗಿದ ಚರ್ಮ ಪೂರ್ತಿ ಮೊದಲಿನಂತಾಗುವುದಿಲ್ಲ, ಮುಂದೆ ಕ್ಯಾನ್ಸರ್ ಆಗುವ ಅಪಾಯವೂ ಇದೆ.

ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಕೊಂಡು ಬೆರೆಸಿಕೊಳ್ಳುವವರಿಗೆ ಅದರಿಂದೇನೂ ವ್ಯತ್ಯಾಸವಾಗಲಿಲ್ಲ. ‘ನಾನು ತಂಬಾಕು ಹಾಕಲ್ಲ, ಬರೀ ಸುಪಾರಿ’ ಎನ್ನುವ ಗೆಳೆಯರೂ ಕೇಳಿ: ಬಾಯಿ ಬಿಗಿಯಲು ಅಡಿಕೆಯೊಂದೇ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಇವತ್ತೇ ನೋಡಿಕೊಳ್ಳಿ. ನಿಮ್ಮವೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಮುಂದಿನ ಹಲ್ಲುಗಳ ನಡುವೆ ಹೋಗಬೇಕು, ಸುಮಾರು 40 ಮಿಲಿಮೀಟರ್. ಹೋಗದಿದ್ದರೆ, ಅಥವಾ ಖಾರದ ಸಾರು ಬಾಯಿ ಸುಡುತ್ತಿದ್ದರೆ, ಅಡಿಕೆ ಬಿಟ್ಟು ದಂತವೈದ್ಯರಿಗೆ ತೋರಿಸಿ. ಕಲಬುರಗಿಯಲ್ಲಿ ಅಲ್-ಬದರ್ ಮತ್ತು ನಿಜಲಿಂಗಪ್ಪ ದಂತ ಕಾಲೇಜುಗಳಿವೆ.