ತೋಟದ ಮೂಲೆ ದಿನಾ ಜಾಗ ಬದಲಿಸುತ್ತಿದೆಯೇ?

ನಿಮ್ಮ ಅಗ್ಗದ ಜಿಪಿಎಸ್ ಮಾಡ್ಯೂಲ್ ಕೆಟ್ಟಿಲ್ಲ. ಒಂದೇ ಫ್ರೀಕ್ವೆನ್ಸಿಯ ರಿಸೀವರ್ ಬಯಲಲ್ಲೇ 2–3 ಮೀಟರ್ ಅತ್ತಿತ್ತ ತೋರಿಸುತ್ತದೆ. ಅಡಿಕೆ ತೋಟದೊಳಗಂತೂ ಕೇಳುವುದೇ ಬೇಡ. ಮೊದಲು ಆಂಟೆನಾ ಸರಿಪಡಿಸಿ. 10 ಸೆಂ.ಮೀ. ಅಗಲದ ತಗಡಿನ ನಡುವೆ ಕೂರಿಸಿ, ಕೋಲಿಗೆ ಕಟ್ಟಿ, ಆಕಾಶ ತೆರೆದಿರುವಲ್ಲಿ ನಿಲ್ಲಿಸಿ. ನೆಲಕ್ಕೆ ಬಡಿದು ಪುಟಿದು ಬರುವ ಸಿಗ್ನಲ್‌ನ ಕಾಟ ತಗ್ಗುತ್ತದೆ. 10 ನಿಮಿಷದ ಸರಾಸರಿಯನ್ನು ನಂಬಬೇಡಿ: ಮೇಲಿನ ವಾತಾವರಣದ ಅಯಾನುಗೋಳ ತರುವ ದೋಷ ಅಷ್ಟು ಬೇಗ ಬದಲಾಗುವುದಿಲ್ಲ, ಹಾಗಾಗಿ ಸರಾಸರಿಯಲ್ಲೂ ಉಳಿಯುತ್ತದೆ.

ಸೆಂಟಿಮೀಟರ್ ಮಟ್ಟದ ನಿಖರತೆಯೇ ಬೇಕೆಂದರೆ ಯು-ಬ್ಲಾಕ್ಸ್ ಝಡ್‌ಇಡಿ-ಎಫ್9ಪಿಯಂಥ ಎರಡು ಫ್ರೀಕ್ವೆನ್ಸಿಯ ರಿಸೀವರ್ ಕೊಂಡು, ಅದಕ್ಕೆ ಆ ಕ್ಷಣದ ದೋಷ ಕಳೆಯುವ ಆರ್‌ಟಿಕೆ ತಿದ್ದುಪಡಿ ಉಣಿಸಬೇಕು. ಸರ್ವೆ ಆಫ್ ಇಂಡಿಯಾದ ಕಾರ್ಸ್ (ಸ್ಥಿರ ರಿಸೀವರ್ ಕೇಂದ್ರಗಳ) ಜಾಲದಲ್ಲಿ ನೋಂದಾಯಿಸಿದರೆ ಈ ತಿದ್ದುಪಡಿ ಮೊಬೈಲ್ ಇಂಟರ್‌ನೆಟ್ ಮೂಲಕ ಸಿಗುತ್ತದೆ. ಪಕ್ಕದವರೊಂದಿಗೆ ಗಡಿ ತಕರಾರಿದ್ದರೆ ಮಾತ್ರ ಈ ಅಳತೆ ನಡೆಯದು. ಸರ್ಕಾರಿ ಗಡಿ ಅಳತೆಗೆ, ಅಂದರೆ ಹದ್ದುಬಸ್ತಿಗೆ, ಅರ್ಜಿ ಹಾಕಿ.