ಒಂದು ಕಂಪ್ಯೂಟರ್, ಎರಡು ಪರದೆ

ಹುಣಸೂರಿನಲ್ಲಿ ಎಂಟನೇ ತರಗತಿಗೆ ನಾನು ಕೊಟ್ಟ ಅಭ್ಯಾಸ ಪಾಠ ಸುತ್ತಲಿನ ನದಿಗಳದ್ದು. ವಿಂಡೋಸ್ ಕೀಲಿಯೊಡನೆ 'ಪಿ' ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ. 'ಡೂಪ್ಲಿಕೇಟ್' ಆರಿಸಿದರೆ ಶಿಕ್ಷಕರ ಪರದೆಯಲ್ಲಿರುವುದೆಲ್ಲ ಮಕ್ಕಳಿಗೂ ಕಾಣುತ್ತದೆ, ಉತ್ತರವೂ ಸೇರಿ. ಪ್ರಶ್ನೆಗೆ ಮೊದಲೇ ಉತ್ತರ ಗೋಡೆಯ ಮೇಲಿದ್ದರೆ ಯೋಚಿಸುವವರು ಯಾರು? 'ಎಕ್ಸ್‌ಟೆಂಡ್'ನಲ್ಲಿ ಡಿಸ್‌ಪ್ಲೇ ಕಾರ್ಡ್ ಎರಡು ಪರದೆಗಳಿಗೆ ಬೇರೆಬೇರೆ ಚಿತ್ರ ಕಳಿಸುತ್ತದೆ: ಪ್ರೊಜೆಕ್ಟರಿಗೆ ಹೆಸರಿಲ್ಲದ ನಕ್ಷೆ, ನನ್ನ ಲ್ಯಾಪ್‌ಟಾಪಿಗೆ ಉತ್ತರಗಳು. ಲಕ್ಷ್ಮಣತೀರ್ಥವನ್ನು ಎಲ್ಲರೂ ಕೂಗಿ ಹೇಳಿದರು, ಊರಿನ ನದಿಯಲ್ಲವೇ! ಕೆ.ಆರ್. ನಗರದ ಕಾವೇರಿಗೆ ಕೊಂಚ ಹೊತ್ತು ಹಿಡಿಯಿತು. ಎಚ್.ಡಿ. ಕೋಟೆಗೆ ಬಂದಾಗ ತರಗತಿ ಸುಮ್ಮನಾಯಿತು, ನಾನೂ ಕಾದೆ. ಕಬಿನಿ ಎಂದವಳು ಆ ಕಡೆ ಅಜ್ಜಿಮನೆಯಿರುವ ಹುಡುಗಿ. ಮೌಸನ್ನು ನಕ್ಷೆಗೆ ಒಯ್ಯಲು ಸಾಮಾನ್ಯವಾಗಿ ಪರದೆಯ ಬಲ ಅಂಚನ್ನು ದಾಟಿಸಬೇಕು. ವಿಜಿಎ ಕೇಬಲ್ಲಿನಲ್ಲಿ ಧ್ವನಿ ಹೋಗದು. ವಿಡಿಯೋ ಇದ್ದರೆ ಸ್ಪೀಕರ್ ಒಯ್ಯಿರಿ.